ಮಾಡೆಲ್ ಟಿ ಎಂಜಿನ್ನಿನೊಳಗೆ ಬಿದ್ದ ಬೆಂಡಿಕ್ಸ್ ಚೂರುಗಳು

ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ ಹೊರಬಂದಾಗ ಅದಕ್ಕೆ ಸೆಲ್ಫ್ ಇರಲಿಲ್ಲ. ಮುಂದಿನ ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಚಾಲೂ ಮಾಡಬೇಕಿತ್ತು. ಸ್ಪಾರ್ಕ್ ಬೇಗ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ಅದರಿಂದ ಮಣಿಕಟ್ಟು ಮುರಿದುಕೊಂಡವರು ಅನೇಕರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲೇ ಬಂದಿದ್ದರೂ ಮಾಡೆಲ್ ಟಿಗೆ ಅದು ದಕ್ಕಿದ್ದು 1919ರಲ್ಲಿ.

ಈ ಸ್ಟಾರ್ಟರಿನಲ್ಲಿದ್ದುದು ವಿನ್ಸೆಂಟ್ ಬೆಂಡಿಕ್ಸ್ ಹೆಸರಿನ ಡ್ರೈವ್. ಮೋಟಾರು ಒಮ್ಮೆಲೇ ತಿರುಗಿದಾಗ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ ತನ್ನ ಜಡತ್ವದಿಂದ ಹಿಂದುಳಿದು, ಶಾಫ್ಟಿನ ತಿರುಪು ಸುತ್ತಿನ ಮೇಲೆ ಸರಿದು ಫ್ಲೈವೀಲಿನ ಹಲ್ಲುಗಳಿಗೆ ಕೂಡಿಕೊಳ್ಳುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಫ್ಲೈವೀಲೇ ಅದನ್ನು ಹಿಂದಕ್ಕೆ ತಳ್ಳುತ್ತದೆ. ನಡುವಿನ ಏಟನ್ನೆಲ್ಲ ತಾಳುವುದು ಒಂದು ದಪ್ಪ ಸ್ಪ್ರಿಂಗ್. ಸ್ಪಾರ್ಕ್ ತಡವಾಗಿ ಹಾರುವಂತೆ ಅದರ ಲಿವರನ್ನು ಹಿಂದಿಡದೆ ಸೆಲ್ಫ್ ಒತ್ತಿದರೆ, ಹಿಂದೆ ಕೈಗೆ ಬೀಳುತ್ತಿದ್ದ ಒದೆ ಈಗ ಈ ಸ್ಪ್ರಿಂಗಿಗೆ ಬೀಳುತ್ತಿತ್ತು. ಸ್ಪ್ರಿಂಗ್ ತುಂಡಾಗುತ್ತಿತ್ತು, ಇಲ್ಲವೇ ಅದನ್ನು ಹಿಡಿದಿದ್ದ ಬೋಲ್ಟಿನ ತಲೆ ಹಾರುತ್ತಿತ್ತು.

ಮುರಿದ ಚೂರು ಬೀಳುವ ಜಾಗವೇ ನಿಜವಾದ ತೊಡಕು. ಸ್ಟಾರ್ಟರಿನ ಕಲ್ಪನೆಯೇ ಇಲ್ಲದೆ ಕಟ್ಟಿದ ಎಂಜಿನ್ ಇದು. ಎಂಜಿನ್, ಫ್ಲೈವೀಲ್, ಗೇರು ಎಲ್ಲಕ್ಕೂ ಒಂದೇ ಎಣ್ಣೆ, ಒಂದೇ ತೊಟ್ಟಿ; ಚೂರು ಬೀಳುವುದು ಅದರೊಳಗೇ. ಫ್ಲೈವೀಲಿನ ಮೇಲೆ, ಸ್ಪಾರ್ಕಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೋಗಾಗಿ 16 ಅಯಸ್ಕಾಂತಗಳು. ಅವುಗಳೆದುರು ಕಾಯಿಲ್ ಉಂಗುರ. ನಡುವಿನ ಸಂದು ಸುಮಾರು ಅಂಗುಲದ ಮೂವತ್ತೆರಡನೇ ಒಂದು ಭಾಗ. ಅಯಸ್ಕಾಂತಕ್ಕೆ ಅಂಟಿದ ಉಕ್ಕಿನ ಚೂರು ಆ ಸಂದಿಗೆ ಸಿಕ್ಕಿದರೆ ಕಾಯಿಲಿನ ಹೊದಿಕೆ ಕಿತ್ತು ಮ್ಯಾಗ್ನೆಟೋ ಸತ್ತುಹೋಗುತ್ತದೆ. ಹೊಸ ಕಾಯಿಲ್ ಹಾಕಬೇಕೆಂದರೆ ಎಂಜಿನ್ನನ್ನೇ ಇಳಿಸಬೇಕು.

ಹಾಗಾಗಿ ಚೂರು ತೆಗೆಯುವ ಕೆಲಸಕ್ಕೆ ಒಂದು ಕ್ರಮ ಬೇಕೇ ಬೇಕು. ಮೊದಲು ಬ್ಯಾಟರಿ ತಂತಿ ಬಿಚ್ಚಬೇಕು. ಆಮೇಲೆ ನಾಲ್ಕು ಸ್ಕ್ರೂ ಕಳಚಿ ಬೆಂಡಿಕ್ಸ್ ಮುಚ್ಚಳ ತೆಗೆದು, ಲಾಕ್ ವಾಷರಿನ ಮಡಚಿದ ತುದಿಯನ್ನು ನೇರ ಮಾಡಿ, ಅದು ಹಿಡಿದಿದ್ದ ಸ್ಕ್ರೂ ಬಿಚ್ಚಿ, ಶಾಫ್ಟಿನ ಪುಟ್ಟ ಕೀ ಕೆಳಗೆ ಜಾರದಂತೆ ಬೆಂಡಿಕ್ಸನ್ನು ಎಳೆದುಕೊಳ್ಳಬೇಕು. ಮೋಟಾರು ಹೊರಬರುವುದು ಇದಾದ ಮೇಲೆಯೇ. ಅವಸರಪಟ್ಟು ಬೆಂಡಿಕ್ಸ್ ಸಮೇತ ಎಳೆದವರು ಒಳಗಿನ ಕಾಯಿಲನ್ನು ತಾವೇ ಹಾಳು ಮಾಡಿದಂತೆ. ಫ್ಲೈವೀಲಿನ ಕೆಳಗಿರುವ ಡ್ರೈನ್ ಪ್ಲಗ್ ತೆಗೆದು ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರೆ ಸಣ್ಣ ಚೂರುಗಳು ಸಿಗುತ್ತವೆ. ಉಳಿದವನ್ನು, ಹ್ಯಾಂಡಲಿನಿಂದ ಫ್ಲೈವೀಲನ್ನು ನಿಧಾನ ಸರಿಸುತ್ತ, ಬೆಂಡಿಕ್ಸ್ ಕಿಂಡಿಯಿಂದಲೂ ಮೇಲಿನ ಗೇರ್ ಬಾಕ್ಸ್ ಬಾಗಿಲಿನಿಂದಲೂ ಹುಡುಕಬೇಕು. ಫ್ಲೈವೀಲ್ ಎಲ್ಲಾದರೂ ತಡೆದರೆ ಬಲ ಹಾಕಬಾರದು. ಸಿಕ್ಕಿದ ತುಂಡುಗಳನ್ನು ಜೋಡಿಸಿ ಸ್ಪ್ರಿಂಗ್ ಪೂರ್ತಿಯಾಗುವವರೆಗೆ ಎಂಜಿನ್ ಚಾಲೂ ಮಾಡಲೇಬಾರದು.

ಮಾಡೆಲ್ ಟಿ ತಯಾರಿಕೆ 1927ರಲ್ಲಿ ನಿಂತಿತು. ಅದರ ಬೆನ್ನಿಗೇ ಬಂದ ಮಾಡೆಲ್ ಎ ಕಾರಿನಲ್ಲಿ ಫ್ಲೈವೀಲ್ ಮ್ಯಾಗ್ನೆಟೋ ಇಲ್ಲ. ಕ್ಲಚ್ ಒಣ ಬಗೆಯದು, ಫ್ಲೈವೀಲಿಗೆ ಎಣ್ಣೆಯಿಲ್ಲದ ಪ್ರತ್ಯೇಕ ಹೌಸಿಂಗ್. ಅಲ್ಲಿ ಸ್ಪ್ರಿಂಗ್ ಮುರಿದರೆ ಸ್ಟಾರ್ಟರ್ ಬಿಚ್ಚಿದ ತೂತಿನಿಂದಲೇ ಅಯಸ್ಕಾಂತ ಇಳಿಬಿಟ್ಟು ಚೂರು ಎತ್ತಬಹುದು.