ಅದೇ ಬಿಸಿ, ಬೇರೆ ಗಾಳಿ

ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಂದು, ಎನ್ವಿಡಿಯಾ ಕಂಪನಿ 2007ರ ಅಕ್ಟೋಬರ್‌ನಲ್ಲಿ ಹೊರತಂದ ಜಿಫೋರ್ಸ್ 8800 ಜಿಟಿ. ಇನ್ನೊಂದು, ಅದೇ ಕಂಪನಿಯ ಆರ್‌ಟಿಎಕ್ಸ್ 4060, ಬಂದದ್ದು 2023ರ ಜೂನ್‌ನಲ್ಲಿ. ಎರಡೂ ಮಧ್ಯಮ ದರ್ಜೆಯವು. ಅಂದರೆ ಕಂಪ್ಯೂಟರ್ ಆಟದ ಹುಚ್ಚಿರುವ ಹುಡುಗರು ಕೆಲವು ತಿಂಗಳು ದುಡ್ಡು ಕೂಡಿಸಿ ಕೊಳ್ಳಬಹುದಾದಂಥವು. ಮೊದಲನೆಯದು 105 ವ್ಯಾಟ್‌ನದು, ಎರಡನೆಯದು 115 ವ್ಯಾಟ್‌ನದು. ಕಾರ್ಡು ನುಂಗುವ ವಿದ್ಯುತ್ತು ಕೊನೆಗೆ ಬಿಸಿಯಾಗಿಯೇ ಹೊರಬೀಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಹಾಗಾಗಿ ಹದಿನಾರು ವರ್ಷಗಳ ಅಂತರದಲ್ಲಿ ಹೊರಹಾಕಬೇಕಾದ ಬಿಸಿ ಹೆಚ್ಚುಕಡಿಮೆ ಅಷ್ಟೇ ಇದೆ: ನಮ್ಮ ಅಜ್ಜಿಯರ ಕಾಲದ ದೊಡ್ಡ ಬಲ್ಬೊಂದರಷ್ಟು.

ಆದರೆ ರೂಪ ನೋಡಿ. 2007ರ ಕಾರ್ಡಿನ ದಪ್ಪ ಎರಡು ಸೆಂಟಿಮೀಟರಿನೊಳಗೆ. ಕಪ್ಪು ಹೊದಿಕೆಯ ಒಂದು ತುದಿಯಲ್ಲಿ ಪುಟ್ಟದೊಂದು ಫ್ಯಾನು. 2023ರದು ಸಾಮಾನ್ಯವಾಗಿ ಎರಡು ಸ್ಲಾಟುಗಳ ಜಾಗ ಹಿಡಿದು, ಎರಡು ದೊಡ್ಡ ಫ್ಯಾನುಗಳನ್ನು ಹೊತ್ತಿರುತ್ತದೆ. ಕೆಲವು ತಯಾರಕರು ಮೂರು ಹಾಕಿದ್ದೂ ಇದೆ. ಬಿಸಿ ಅಷ್ಟೇ ಇರುವಾಗ ಗಾಳಿಯ ಏರ್ಪಾಡು ಇಷ್ಟು ಬೆಳೆದದ್ದು ಯಾಕೆ? ನಾನು ತಂತ್ರಜ್ಞಾನದ ಇತಿಹಾಸದ ವಿದ್ಯಾರ್ಥಿ. ಈ ಪ್ರಶ್ನೆ ಕೇಳಿದಾಗಲೆಲ್ಲ ಸ್ನೇಹಿತರು ಇದಕ್ಕೆ ಎಂಜಿನಿಯರ್ ಸಾಕು, ಇತಿಹಾಸಕಾರ ಯಾಕೆ ಎನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1996ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ ಚಿಪ್‌ಗಳಿದ್ದ ಕಾರ್ಡುಗಳು ಬಂದಾಗ ಅವುಗಳ ಮೇಲೆ ಫ್ಯಾನಿರಲಿಲ್ಲ. ಬಹುತೇಕ ಕಾರ್ಡುಗಳಲ್ಲಿ ಹೀಟ್ ಸಿಂಕ್ ಕೂಡ ಇರಲಿಲ್ಲ. ಬರಿಮೈಯ ಚಿಪ್‌ಗಳು, ಸುತ್ತಲಿನ ಗಾಳಿಯೇ ಸಾಕು. 1999ರ ಜಿಫೋರ್ಸ್ 256ರ ಹೊತ್ತಿಗೆ ಅಲ್ಯೂಮಿನಿಯಂ ರೆಕ್ಕೆಗಳೂ ಅದರ ನೆತ್ತಿಯ ಮೇಲೊಂದು ಚಿಕ್ಕ ಫ್ಯಾನೂ ಬಂದಿದ್ದವು. ಮೂರೇ ವರ್ಷ. ಆಗಿನ್ನೂ ಇದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ, ಯಾಕೆಂದರೆ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಬರೆದಿಟ್ಟ ಲೆಕ್ಕ ಇನ್ನೂ ನಡೆಯುತ್ತಿತ್ತು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಹಾಗಾಗಿ ಅದೇ ಜಾಗದಲ್ಲಿ ಎಷ್ಟೇ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಚದರ ಮಿಲಿಮೀಟರಿನ ಬಿಸಿ ಏರುವುದಿಲ್ಲ ಎಂಬ ಲೆಕ್ಕ ಅದು. ಹೊಸ ಸಹಸ್ರಮಾನದ ಮೊದಲ ದಶಕದ ನಡುವೆ ಆ ಲೆಕ್ಕ ಮುರಿಯಿತು. ವೋಲ್ಟೇಜ್ ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಆರಿಸಿದಾಗಲೂ ವಿದ್ಯುತ್ ಸೋರುತ್ತದೆ ಎಂಬ ತೊಡಕು ಅಡ್ಡ ಬಂತು.

ಅದು ಮುರಿಯುವ ಮುನ್ನವೇ ಗ್ರಾಫಿಕ್ಸ್ ಕಾರ್ಡಿನ ಲೋಕಕ್ಕೆ ಒಂದು ಮುನ್ಸೂಚನೆ ಸಿಕ್ಕಿತ್ತು, ಅದೂ ಭಾರೀ ಸದ್ದು ಮಾಡಿಕೊಂಡು. 2003ರ ಆರಂಭದಲ್ಲಿ ಎನ್ವಿಡಿಯಾ ಜಿಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾ ಎಂಬ ದುಬಾರಿ ಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಪ್ರತಿಸ್ಪರ್ಧಿ ಎಟಿಐನ ರೇಡಿಯಾನ್ 9700 ಪ್ರೊ ಹಿಂದಿನ ವರ್ಷವೇ ಬಂದು ಹೆಸರು ಮಾಡಿತ್ತು. ಅದನ್ನು ಹಿಂದಿಕ್ಕಲು ಚಿಪ್ಪನ್ನು 500 ಮೆಗಾಹರ್ಟ್ಸ್‌ಗೆ ಓಡಿಸಬೇಕಾಯಿತು. ಎದ್ದ ಬಿಸಿಯನ್ನು ಹೊರದೂಡಲು ಎರಡು ಸ್ಲಾಟ್ ದಪ್ಪದ, ಪ್ಲಾಸ್ಟಿಕ್ ಕೊಳವೆಯಂಥ ಹೊದಿಕೆಯ ಕೂಲರ್. ಅದರ ಫ್ಯಾನು ಪೂರ್ತಿ ವೇಗಕ್ಕೆ ಏರಿದಾಗ ಬರುತ್ತಿದ್ದ ಸದ್ದಿಗೆ ಜನ ಇಟ್ಟ ಹೆಸರು ಡಸ್ಟ್‌ಬಸ್ಟರ್, ಅಂದರೆ ಅಮೆರಿಕದ ಮನೆಗಳಲ್ಲಿದ್ದ ಕೈಯಲ್ಲಿ ಹಿಡಿಯುವ ಧೂಳು ಎಳೆಯುವ ಯಂತ್ರ. ಕಂಪನಿಯವರೇ ತಮ್ಮನ್ನು ತಾವು ಗೇಲಿ ಮಾಡಿಕೊಂಡು ಒಂದು ವಿಡಿಯೋ ಮಾಡಿದರು. ಅದರಲ್ಲಿ ಈ ಕಾರ್ಡನ್ನು ಅಂಗಳದ ಎಲೆ ಹಾರಿಸುವ ಯಂತ್ರಕ್ಕೆ ಜೋಡಿಸಿದ್ದರು. ಕೆಲವೇ ತಿಂಗಳಲ್ಲಿ ಅದರ ಜಾಗಕ್ಕೆ 5900 ಬಂತು.

ಇತಿಹಾಸ ಹೇಳುವವರು ಈ ಕಥೆಯನ್ನು ನಗುತ್ತ ಹೇಳಿ ಮುಂದೆ ಹೋಗುತ್ತಾರೆ. ನನಗೆ ಮುಖ್ಯವೆನಿಸುವುದು ಇದರಿಂದ ಕಂಪನಿಗಳು ಕಲಿತ ಪಾಠ. ಗದ್ದಲವನ್ನು ಜನ ಮರೆಯುವುದಿಲ್ಲ. ಚಿಪ್ ಎಷ್ಟು ಸುಡುತ್ತಿದೆ ಎಂಬುದು ಮಾತ್ರ ಕ್ಯಾಬಿನೆಟ್ಟಿನ ಒಳಗಿನ ವಿಷಯ, ಮುಚ್ಚಳ ಹಾಕಿದರೆ ಯಾರಿಗೂ ತಿಳಿಯದು.

ಈಗ 8800 ಜಿಟಿಗೆ ಬರೋಣ. ಹಿಂದಿನ ವರ್ಷ ಬಂದ 8800 ಜಿಟಿಎಕ್ಸ್‌ನ ಬೆಲೆ ಸುಮಾರು 600 ಡಾಲರ್. ಅದರ ಹತ್ತಿರ ಹತ್ತಿರದ ಶಕ್ತಿಯನ್ನು ಇದು 200ರಿಂದ 250 ಡಾಲರ್‌ಗೆ ಕೊಡುತ್ತೇನೆ ಎಂದು ಬಂತು. 65 ನ್ಯಾನೋಮೀಟರ್ ತಂತ್ರದ ಚಿಪ್, 75.4 ಕೋಟಿ ಟ್ರಾನ್ಸಿಸ್ಟರ್. ಎರಡು ವಾರದ ನಂತರ ಜರ್ಮನಿಯ ಕ್ರೈಟೆಕ್ ಸ್ಟುಡಿಯೋದ ಕ್ರೈಸಿಸ್ ಆಟ ಬಿಡುಗಡೆಯಾಯಿತು. ಆ ಆಟದ ಕಾಡು, ಕಡಲು, ಎಲೆ ಎಲೆಯನ್ನೂ ಅಲುಗಾಡಿಸಿ ತೋರಿಸಲು ಆಗಿನ ಯಾವ ಕಾರ್ಡಿಗೂ ಉಸಿರು ಸಾಲುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮಧ್ಯಮ ವರ್ಗದ ಕೈಗೆ ಸಿಕ್ಕಿದ ಕಾರ್ಡು ಇದು.

ದೊಡ್ಡಣ್ಣ ಜಿಟಿಎಕ್ಸ್‌ಗೆ ಎರಡು ಸ್ಲಾಟಿನ ಕೂಲರ್ ಇತ್ತು. ಬಿಸಿ ಗಾಳಿ ಕ್ಯಾಬಿನೆಟ್ಟಿನ ಹಿಂಬದಿಯಿಂದ ಹೊರಗೆ ಹೋಗುತ್ತಿತ್ತು. ಜಿಟಿಗೆ ಒಂದೇ ಸ್ಲಾಟ್. ಹಿಂಬದಿಯ ತಗಡಿನ ಪಟ್ಟಿಯನ್ನು ಮಾನಿಟರ್ ಸಿಕ್ಕಿಸುವ ಪೋರ್ಟುಗಳೇ ಆಕ್ರಮಿಸಿದ್ದರಿಂದ ಗಾಳಿ ಹೋಗಲು ದಾರಿ ಕಡಿಮೆ. ಹೆಚ್ಚಿನ ಬಿಸಿ ಕ್ಯಾಬಿನೆಟ್ಟಿನ ಒಳಗೇ ಸುತ್ತುತ್ತಿತ್ತು. ಇಲ್ಲಿ ಫ್ಯಾನಿನ ಒಂದು ನಿಯಮ ಹೇಳಬೇಕು. ಚಿಕ್ಕ ಫ್ಯಾನು ದೊಡ್ಡ ಫ್ಯಾನಿನಷ್ಟೇ ಗಾಳಿ ತಳ್ಳಬೇಕಾದರೆ ಬಹಳ ಜೋರಾಗಿ ತಿರುಗಬೇಕು. ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಜಿಗಿಯುತ್ತದೆ. ಅಂದರೆ ತೆಳ್ಳಗಿನ ಕಾರ್ಡಿನ ಮುಂದೆ ಎರಡೇ ಆಯ್ಕೆ: ಕಿರುಚುವುದು, ಇಲ್ಲವೇ ಸುಡುವುದು. 2003ರಲ್ಲಿ ಕಿರುಚಿ ಮಾನ ಕಳೆದುಕೊಂಡವರು ಈ ಸಲ ಸುಡುವುದನ್ನು ಆರಿಸಿಕೊಂಡರು. ಚಿಪ್ 90 ಡಿಗ್ರಿಯ ಸುತ್ತಮುತ್ತ ತಲುಪುವವರೆಗೂ ಫ್ಯಾನು ಮೆಲ್ಲಗೇ ತಿರುಗುವಂತೆ ಅದಕ್ಕೆ ಅಪ್ಪಣೆ ಬರೆಯಲಾಗಿತ್ತು. ಮುಂದೆ ಬಂದ ಕಾರ್ಡುಗಳಿಗೆ ಸ್ವಲ್ಪ ದೊಡ್ಡ ಫ್ಯಾನು ಹಾಕಿದರು.

ಇದು ಒಬ್ಬರದೇ ಜಾಣತನವಾಗಿರಲಿಲ್ಲ. ಅಷ್ಟರಲ್ಲಿ ಎಟಿಐಯನ್ನು ಕೊಂಡುಕೊಂಡಿದ್ದ ಎಎಂಡಿ 2008ರ ಜೂನ್‌ನಲ್ಲಿ ತಂದ ರೇಡಿಯಾನ್ ಎಚ್‌ಡಿ 4850 ಕೂಡ 199 ಡಾಲರಿನ, 110 ವ್ಯಾಟಿನ, ಒಂದೇ ಸ್ಲಾಟಿನ ಕಾರ್ಡು. ಏನೂ ಕೆಲಸವಿಲ್ಲದೆ ಸುಮ್ಮನೆ ಡೆಸ್ಕ್‌ಟಾಪ್ ತೋರಿಸುತ್ತ ಕೂತಾಗಲೂ ಅದರ ಚಿಪ್ 70–80 ಡಿಗ್ರಿಯಲ್ಲಿರುತ್ತಿತ್ತು. ಎರಡೂ ಕಾರ್ಡುಗಳನ್ನು ವಿಮರ್ಶಕರು ಕೊಂಡಾಡಿದರು, ಆ ಬೆಲೆಗೆ ಆ ವೇಗಕ್ಕೆ ಅದು ನ್ಯಾಯವೇ. ಅಂಕಿಅಂಶಗಳ ನಕ್ಷೆಗಳು ಹತ್ತು ಪುಟ, ಉಷ್ಣತೆಗೆ ಕೊನೆಯಲ್ಲಿ ಅರ್ಧ ಪುಟ.

ಬಿಸಿಯನ್ನು ಒಳಗಿಟ್ಟುಕೊಂಡರೆ ಯಾರು ತೆರಬೇಕು ಎಂಬ ಪ್ರಶ್ನೆಗೆ ಆ ವರ್ಷವೇ ಒಂದು ಉತ್ತರ ಸಿಕ್ಕಿತು, ಬೇರೊಂದು ಕಡೆಯಿಂದ. 2008ರ ಜುಲೈನಲ್ಲಿ ಎನ್ವಿಡಿಯಾ ತನ್ನ ಹಿಂದಿನ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆಯೆಂದು ಹೇಳಿ, ಅದರ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಚಿಪ್ಪನ್ನು ಅದರ ತಳದ ಹಲಗೆಗೆ ಹಿಡಿದಿಡುವುದು ಸಾಸಿವೆಗಿಂತ ಚಿಕ್ಕ ಬೆಸುಗೆಯ ಗುಂಡುಗಳು. ಬಿಸಿಯಾದಾಗ ಸಿಲಿಕಾನ್ ಹಿಗ್ಗುವುದು ಕಡಿಮೆ, ಹಲಗೆ ಹಿಗ್ಗುವುದು ಹೆಚ್ಚು. ದಿನಕ್ಕೆ ನಾಲ್ಕು ಸಲ ಕಾದು ಆರಿದರೆ ಆ ಗುಂಡುಗಳು ನಾಲ್ಕು ಸಲ ಎಳೆದಾಡಿಸಿಕೊಳ್ಳುತ್ತವೆ, ಒಂದು ದಿನ ಬಿರಿಯುತ್ತವೆ. ಕಂಪನಿ ಹೇಳಿದ್ದು ಲ್ಯಾಪ್‌ಟಾಪ್ ಚಿಪ್‌ಗಳ ಬಗ್ಗೆ ಮಾತ್ರ, 8800 ಜಿಟಿಯ ಬಗ್ಗೆ ಅಲ್ಲ. ಆದರೆ ಕಾದು ಆರುವ ಈ ಎಳೆದಾಟ ಯಾವ ಕಾರ್ಡಿಗೂ ತಪ್ಪಿದ್ದಲ್ಲ. ಸತ್ತ ಗ್ರಾಫಿಕ್ಸ್ ಕಾರ್ಡನ್ನು ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿ ಬದುಕಿಸುವ ವಿದ್ಯೆ ಆ ಕಾಲದಲ್ಲಿ ಹಬ್ಬಿದ್ದು ಸುಮ್ಮನೆ ಅಲ್ಲ. ಬದುಕಿದರೂ ಕೆಲವು ವಾರ ಅಷ್ಟೇ. (ಅದೇ ಓವನ್ನಿನಲ್ಲಿ ಆಮೇಲೆ ಕೇಕ್ ಮಾಡಿದವರ ಬಗ್ಗೆ ನನಗೆ ಈಗಲೂ ಚಿಂತೆ.)

ಬದಲಾವಣೆ ಬಂದದ್ದು ಇನ್ನೊಂದು ಅವಮಾನದ ನಂತರ. 2010ರ ಮಾರ್ಚ್‌ನ ಜಿಟಿಎಕ್ಸ್ 480, 250 ವ್ಯಾಟಿನ ದುಬಾರಿ ಕಾರ್ಡು, ಬಿಸಿಗೂ ಸದ್ದಿಗೂ ಒಟ್ಟಿಗೆ ಕುಖ್ಯಾತವಾಯಿತು. ಅದೇ ಜುಲೈನಲ್ಲಿ ಬಂದ ಮಧ್ಯಮ ದರ್ಜೆಯ ಜಿಟಿಎಕ್ಸ್ 460ರಲ್ಲಿ ಕಂಪನಿ ತೆಳ್ಳಗಿನ ಆಸೆ ಬಿಟ್ಟುಬಿಟ್ಟಿತ್ತು. ಎರಡು ಸ್ಲಾಟ್, ನಡುವೆ ಅಗಲದ ಫ್ಯಾನು, ಹೀಟ್ ಪೈಪುಗಳು. ಹೀಟ್ ಪೈಪ್ ಎಂದರೆ ಎರಡೂ ಕಡೆ ಮುಚ್ಚಿದ ತಾಮ್ರದ ಕೊಳವೆ, ಒಳಗೆ ಒಂದಿಷ್ಟು ನೀರು. ಚಿಪ್ಪಿನ ಕಡೆಯಲ್ಲಿ ನೀರು ಆವಿಯಾಗುತ್ತದೆ, ತಂಪಿನ ತುದಿಗೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆ ಮತ್ತೆ ಹನಿಯಾಗುತ್ತದೆ, ಕೊಳವೆಯ ಒಳಗೋಡೆಯ ಬತ್ತಿಯಂಥ ಪದರ ಅದನ್ನು ಹೀರಿ ಹಿಂದಕ್ಕೆ ತರುತ್ತದೆ. ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1944ರಲ್ಲಿ. 1963ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಮತ್ತೆ ಅದನ್ನು ಕಂಡುಕೊಂಡರು, ಬಾಹ್ಯಾಕಾಶದ ಪರಮಾಣು ವಿದ್ಯುತ್ತಿನ ಕೆಲಸಕ್ಕಾಗಿ. ಅಲ್ಲಿಂದ ಹೊರಟದ್ದು 199 ಡಾಲರಿನ ಆಟದ ಕಾರ್ಡಿಗೆ ಬಂದು ಸೇರಿತು. 460 ಸದ್ದಿಲ್ಲದ ಕಾರ್ಡೆಂದು ಹೊಗಳಿಸಿಕೊಂಡಿತು, ಅದೂ 8800 ಜಿಟಿಗಿಂತ ಹೆಚ್ಚು ವಿದ್ಯುತ್ ತಿನ್ನುತ್ತ. 2015ರ ಜಿಟಿಎಕ್ಸ್ 960ರ ಹೊತ್ತಿಗೆ ಹಲವು ತಯಾರಕರು ಕೆಲಸ ಕಡಿಮೆ ಇದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಧೈರ್ಯ ಮಾಡಿದರು.

ಒಂದು ತಕರಾರು ಬರಬಹುದು. 8800 ಜಿಟಿಯ ಚಿಪ್ 324 ಚದರ ಮಿಲಿಮೀಟರ್, 4060ರದು 159 ಅಷ್ಟೇ. ಅದೇ ಬಿಸಿ ಅರ್ಧ ಜಾಗದಿಂದ ಏಳುತ್ತದಲ್ಲ, ದೊಡ್ಡ ಕೂಲರ್ ಅದಕ್ಕೇ ಬೇಕಲ್ಲ? ಚಿಪ್ಪಿಗೆ ಅಂಟಿಕೊಳ್ಳುವ ತಾಮ್ರ ಮತ್ತು ಹೀಟ್ ಪೈಪಿನ ಮಟ್ಟಿಗೆ ಈ ಮಾತು ನಿಜ. ಆದರೆ ಹೊರಗೆ ಹರಡಿದ ಬಿಸಿಯನ್ನು ಒಯ್ಯುವ ಗಾಳಿಗೆ ಅದು ಎಷ್ಟು ಜಾಗದಿಂದ ಬಂತೆಂಬುದು ತಿಳಿಯದು, ಅದಕ್ಕೆ ವ್ಯಾಟ್ ಮಾತ್ರ ಲೆಕ್ಕ. ಎರಡನೆಯ ಫ್ಯಾನು ಬಹುಮಟ್ಟಿಗೆ ನಮ್ಮ ಕಿವಿಗಾಗಿ ಬಂದದ್ದು, ಸ್ವಲ್ಪ ಅಂಗಡಿಯ ಗಾಜಿನ ಹಿಂದೆ ಕಾಣುವ ಅಂದಕ್ಕಾಗಿ.

ಈ ಎಲ್ಲ ಅಳತೆಗಳು ನಡೆದದ್ದು 20–25 ಡಿಗ್ರಿಯ ಕೋಣೆಗಳಲ್ಲಿ. ಕೂಲರ್ ಚಿಪ್ಪನ್ನು ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ನಿಲ್ಲಿಸಬಲ್ಲದೇ ಹೊರತು ಕೋಣೆಗಿಂತ ಕೆಳಗೆ ಇಳಿಸಲಾರದು. ಅಂತರ 60 ಡಿಗ್ರಿಯಾದರೆ 25ರ ಕೋಣೆಯಲ್ಲಿ ಚಿಪ್ 85ರಲ್ಲಿರುತ್ತದೆ, ಮೇ ತಿಂಗಳ ರಾಯಚೂರಿನ 42ರಲ್ಲಿ 102ಕ್ಕೆ ಹೋಗಬೇಕು. ಹೋಗಲು ಬಿಡಬಾರದೆಂದು ಫ್ಯಾನು ತನ್ನ ಸಂಕೋಚ ಬಿಟ್ಟು ವೇಗ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೆಲುದನಿಯದೆಂದು ಹೊಗಳಿಸಿಕೊಂಡ ಕಾರ್ಡು ಇಲ್ಲಿ ರೆಕ್ಕೆಗಳ ನಡುವೆ ಧೂಳು ತುಂಬಿಕೊಂಡು, ಮೇಲಿನ ಸೀಲಿಂಗ್ ಫ್ಯಾನಿನೊಂದಿಗೆ ಪೈಪೋಟಿಗೆ ಇಳಿದಂತೆ ಮಧ್ಯಾಹ್ನವಿಡೀ ಕೂಗುತ್ತದೆ.