‘ಮತ್ತು’ ತರಗತಿಗೆ ಬಂದ ಬಗೆ: ಕನ್ನಡ ಮಕ್ಕಳ ವಾಕ್ಯಜೋಡಣೆಯ ಪಾಠದ ಚರಿತ್ರೆ

ಪ್ರಾಥಮಿಕ ಶಾಲೆಯ ಕನ್ನಡ ಅಭ್ಯಾಸಗಳಲ್ಲಿ ಒಂದು ಬಗೆಯ ಪ್ರಶ್ನೆ ಎಲ್ಲರಿಗೂ ಪರಿಚಿತ. ‘ರಾಧೆ ಎದ್ದಳು. ರಾಧೆ ಹಾಲು ಕುಡಿದಳು’ ಎಂಬಂತಹ ಎರಡು ವಾಕ್ಯಗಳನ್ನು ಕೊಟ್ಟು, ಅವುಗಳನ್ನು ಕೂಡಿಸಿ ಒಂದು ಸಂಯೋಜಿತ ವಾಕ್ಯ ಬರೆಯಲು ಹೇಳಲಾಗುತ್ತದೆ. ನಿರೀಕ್ಷಿತ ಉತ್ತರ ‘ರಾಧೆ ಎದ್ದಳು ಮತ್ತು ಹಾಲು ಕುಡಿದಳು’. ಮಗುವಿನ ಬಾಯಲ್ಲಿ ಸಹಜವಾಗಿ ಬರುವ ಉತ್ತರ ‘ರಾಧೆ ಎದ್ದು ಹಾಲು ಕುಡಿದಳು’. ಎರಡನೆಯದರಲ್ಲಿ ಪೂರ್ಣಕ್ರಿಯಾಪದ ಒಂದೇ ಇರುವುದರಿಂದ ಶಾಲಾ ವ್ಯಾಕರಣದ ಲೆಕ್ಕದಲ್ಲಿ ಅದು ಸಾಮಾನ್ಯ ವಾಕ್ಯ. ಆದಕಾರಣ ಉತ್ತರ ತಪ್ಪು. ಕನ್ನಡ ಬಲ್ಲ ಮಗುವಿನ ಕನ್ನಡವನ್ನು ಕನ್ನಡ ವ್ಯಾಕರಣವೇ ತಿದ್ದುವ ಈ ಸನ್ನಿವೇಶ ಹೇಗೆ ಉಂಟಾಯಿತೆಂಬುದೇ ಪ್ರಸ್ತುತ ಲೇಖನದ ವಿಷಯ.

ಹಳೆಯ ಪರಂಪರೆಯಲ್ಲಿ ಇಂತಹ ಪಾಠಕ್ಕೆ ಸ್ಥಳವಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ವಾಕ್ಯಪ್ರಕರಣವೆಂಬುದಿಲ್ಲ. 1604ರಲ್ಲಿ ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ದ ಕೇಂದ್ರವೂ ಶಬ್ದವೇ. ಸಂಸ್ಕೃತ ವೈಯಾಕರಣರು ‘ಚ’ಕಾರಕ್ಕೆ ಸಮುಚ್ಚಯ, ಅನ್ವಾಚಯ, ಇತರೇತರಯೋಗ, ಸಮಾಹಾರ ಎಂದು ನಾಲ್ಕು ಅರ್ಥಗಳನ್ನು ವಿಂಗಡಿಸಿದ್ದರು ನಿಜ, ಆದರೆ ಆ ಚರ್ಚೆ ನಡೆದದ್ದು ದ್ವಂದ್ವಸಮಾಸದ ಸಂದರ್ಭದಲ್ಲಿ. ಕೂಲಿಮಠಗಳ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದಿ, ಕಾಗುಣಿತ ಮಗ್ಗಿಗಳನ್ನು ಬಾಯಿಪಾಠ ಮಾಡಿ, ಅಮರಕೋಶ ಒಪ್ಪಿಸುತ್ತಿದ್ದರು. ವಾಕ್ಯಕ್ಕೆ ವಾಕ್ಯ ಸೇರಿಸುವುದನ್ನು ಅವರಿಗೆ ಯಾರೂ ಪ್ರತ್ಯೇಕವಾಗಿ ಕಲಿಸಲಿಲ್ಲ. ಕಥೆ ಕೇಳಿದ ಕಿವಿಗೆ ಅದು ಒದಗಿಬರುತ್ತಿತ್ತು. ‘ವಡ್ಡಾರಾಧನೆ’ಯ ಗದ್ಯದಲ್ಲಿ ಭೂತನ್ಯೂನಗಳು ಒಂದರ ಬೆನ್ನಿಗೊಂದು ಬಂದು, ಪೂರ್ಣಕ್ರಿಯೆ ಬಹುದೂರದಲ್ಲಿ ಕಾದಿರುತ್ತದೆ. ಅಜ್ಜಿ ಹೇಳುವ ಕಥೆಯ ಓಟವೂ ಇದಕ್ಕಿಂತ ತೀರ ಭಿನ್ನವಲ್ಲ.

ಪಾಠ ಹುಟ್ಟಿದ್ದು ಬೇರೆಡೆ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬೆಕರ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಾಕ್ಯವನ್ನು ತಾರ್ಕಿಕ ಘಟಕಗಳಾಗಿ ಬಿಡಿಸಿ, ಉಪವಾಕ್ಯಗಳ ನಡುವಿನ ಸಮಾನತೆ ಹಾಗೂ ಅಧೀನತೆಗಳನ್ನು ವ್ಯಾಕರಣದ ಮುಖ್ಯ ವಿಷಯವಾಗಿಸಿದನು. 1852ರಲ್ಲಿ ಜೆ.ಡಿ. ಮೊರೆಲ್ ಈ ವಿಶ್ಲೇಷಣೆಯನ್ನು ಇಂಗ್ಲೆಂಡಿನ ಶಾಲೆಗಳಿಗೆ ತಂದನು. 1863ರ ಇಂಗ್ಲಿಷ್ ವ್ಯಾಕರಣದಲ್ಲಿ ಅಲೆಕ್ಸಾಂಡರ್ ಬೇನ್ ಸಂಯೋಜಕ ಪದಗಳನ್ನೂ ಇದೇ ಎರಡು ವರ್ಗಗಳಿಗೆ ಹಂಚಿದನು. 1854ರ ವುಡ್ ನಿರೂಪದ ನಂತರ ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳು ಬೆಳೆದವು, ಪಠ್ಯಪುಸ್ತಕಗಳು ಬೇಕಾದವು. ಭಾರತದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ನೆಸ್‌ಫೀಲ್ಡ್‌ನ ಇಂಗ್ಲಿಷ್ ವ್ಯಾಕರಣಮಾಲೆಯ ಮೂಲಕ ‘ಬಿಡಿಸು, ಕೂಡಿಸು, ಪರಿವರ್ತಿಸು’ ಎಂಬ ಅಭ್ಯಾಸಗಳು ಇಲ್ಲಿನ ತರಗತಿಗಳಲ್ಲಿ ಬೇರೂರಿದವು. ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ನಮ್ಮ ಶಾಲಾ ವಿಂಗಡಣೆಯು ಆ ಇಂಗ್ಲಿಷ್ ತ್ರಿವಿಧ ವಿಭಾಗದ ಪಡಿಯಚ್ಚು.

ಇದಕ್ಕೂ ಮೊದಲೇ ಇನ್ನೊಂದು ದಾರಿ ತೆರೆದಿತ್ತು. ವಿಲಿಯಂ ಕೇರಿ (1817), ಜಾನ್ ಮೆಕೆರೆಲ್ (1820), ಥಾಮಸ್ ಹಾಡ್ಸನ್ (1859) ಇವರು ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಬರೆದರು. ಇವುಗಳ ಓದುಗ ಕನ್ನಡದ ಮಗುವಲ್ಲ. ಕನ್ನಡ ಕಲಿಯಬೇಕಾಗಿದ್ದ ಅಧಿಕಾರಿ ಮತ್ತು ಪಾದ್ರಿ. ‘ಆಂಡ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ಅಂತಹ ಓದುಗನಿಗೆ ತೀರ ನ್ಯಾಯವಾದ ಪ್ರಶ್ನೆ. ಅದೇ ಪ್ರಶ್ನೆ ಮುಂದೆ ಕನ್ನಡದ ಮಗುವಿನ ಪಾಠವಾದದ್ದು ಚೋದ್ಯ. 1838ರಷ್ಟು ಹಿಂದೆಯೇ ಕೃಷ್ಣಮಾಚಾರ್ಯರು ಕನ್ನಡದಲ್ಲಿಯೇ ‘ಹೊಸಗನ್ನಡ ನುಡಿಗನ್ನಡಿ’ಯನ್ನು ಬರೆದಿದ್ದರೆಂಬುದನ್ನು ನೆನೆದಾಗ ಈ ತಿರುವು ಅನಿವಾರ್ಯವಾಗಿತ್ತೆಂದು ಹೇಳಲು ಮನಸ್ಸು ಬಾರದು.

ಶಾಲೆಯ ಪಟ್ಟಿಯಲ್ಲಿರುವ ಸಂಬಂಧಾರ್ಥಕಾವ್ಯಯಗಳನ್ನೇ ಬಿಡಿಸಿ ನೋಡಬಹುದು. ‘ಆದರೆ’ ಎಂಬುದು ‘ಆಗು’ ಧಾತುವಿನ ಪಕ್ಷಾರ್ಥಕ ರೂಪ. ‘ಮಳೆಯಾದರೆ ಬೆಳೆ’ ಎನ್ನುವಾಗ ಅದು ಇಂದಿಗೂ ಕ್ರಿಯೆಯೇ. ‘ಆದ್ದರಿಂದ’ ಎಂಬುದು ‘ಆದುದು’ ಎಂಬ ಕೃದಂತನಾಮಕ್ಕೆ ತೃತೀಯೆ ಹತ್ತಿದ ರೂಪ. ‘ಹಾಗೂ’ ಎಂಬಲ್ಲಿ ‘ಹಾಗೆ’ಯ ಮೇಲೆ ಸಮುಚ್ಚಯದ ‘ಊ’ ಕುಳಿತಿದೆ. ‘ಮತ್ತು’ವಿನ ನಂಟು ‘ಇನ್ನೂ, ತಿರುಗಿ’ ಎಂಬರ್ಥದ ಹಳಗನ್ನಡ ‘ಮತ್ತಂ’, ಇಂದಿನ ‘ಮತ್ತೆ’ಗಳೊಂದಿಗೆ, ‘ಅಥವಾ’ ನೇರವಾಗಿ ಸಂಸ್ಕೃತದ್ದು. ಹೀಗೆ, ವಾಕ್ಯ ಜೋಡಿಸಲೆಂದೇ ಹುಟ್ಟಿದ ಪದ ಈ ಪಟ್ಟಿಯಲ್ಲಿ ಸಿಗುವುದು ಕಷ್ಟ. ಕನ್ನಡದ ಸ್ವಂತ ಸಲಕರಣೆಗಳು ಪದದ ತುದಿಯಲ್ಲಿವೆ: ‘ಅಣ್ಣನೂ ತಂಗಿಯೂ’ ಎಂಬಲ್ಲಿನ ‘ಊ’, ‘ಇಂದೋ ನಾಳೆಯೋ’ ಎಂಬಲ್ಲಿನ ‘ಓ’. ಕರ್ತೃಗಳು ಬೇರೆಯಾದಾಗ ಬರಿಯ ಸಾಮೀಪ್ಯವೇ ಸಾಕು: ‘ಅಣ್ಣ ಬಂದ, ತಂಗಿ ಹೋದಳು.’ ಕರ್ತೃ ಒಂದೇ ಆದಾಗ ಭೂತನ್ಯೂನ. (‘ಮಳೆ ಬಂದು ಹೊಳೆ ತುಂಬಿತು’ ಎಂಬಂತಹ ವಾಕ್ಯಗಳಲ್ಲಿ ಕರ್ತೃ ಭಿನ್ನವಾದರೂ ಕಾರಣದ ಎಳೆ ಅವನ್ನು ಹಿಡಿದಿಟ್ಟಿರುತ್ತದೆ.)

‘ಮತ್ತು’ ಪರಕೀಯವೆಂದು ತರಗತಿಯಿಂದ ಹೊರಹಾಕಬೇಕೆಂಬುದು ನನ್ನ ವಾದವಲ್ಲ. ಕಾನೂನು, ವಿಜ್ಞಾನ, ಆಡಳಿತಗಳ ದೀರ್ಘ ಪಟ್ಟಿಗಳಲ್ಲಿ ಪ್ರತಿ ಪದಕ್ಕೂ ‘ಊ’ ಹಚ್ಚಿದರೆ ಓದು ತೊಡರುತ್ತದೆ. ಬರವಣಿಗೆಯ ಕನ್ನಡಕ್ಕೆ ಆ ಪದ ದಕ್ಕಿಹೋಗಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಮುಂದಿಟ್ಟ ವಾದ ಮುಖ್ಯವಾಗಿ ಸಂಸ್ಕೃತದ ಚೌಕಟ್ಟನ್ನು ಪ್ರಶ್ನಿಸಿತು. ಶಾಲೆಯ ವಾಕ್ಯಪಾಠದಲ್ಲಾದರೋ ಇಂಗ್ಲಿಷಿನ ಚೌಕಟ್ಟು ಅಷ್ಟೇ ಗಟ್ಟಿಯಾಗಿ ಕುಳಿತಿದೆ. ಹಾಗೆಂದು ಭೂತನ್ಯೂನವನ್ನು ‘ಮತ್ತು’ವಿನ ದೇಶೀ ಪರ್ಯಾಯವೆಂದು ಹೆಸರಿಸಿ ಸುಮ್ಮನಾಗುವುದೂ ಸಲ್ಲದು.

ಏಕೆಂದರೆ ಅವೆರಡೂ ಒಂದೇ ಅಲ್ಲ. ‘ಅವನು ಊಟ ಮಾಡಿದನು ಮತ್ತು ಹೋಗಲಿಲ್ಲ’ ಎಂಬುದಕ್ಕೆ ಒಂದೇ ಅರ್ಥ: ಊಟವಾಯಿತು, ಹೋದದ್ದಿಲ್ಲ. ‘ಅವನು ಊಟ ಮಾಡಿ ಹೋಗಲಿಲ್ಲ’ ಎಂದಾಗ ನಿಷೇಧ ಹಿಂದಕ್ಕೆ ಚಾಚಿ ಊಟವನ್ನೂ ಮುಟ್ಟಬಲ್ಲದು. ಉಣ್ಣದೆಯೇ ಹೊರಟುಹೋದನೆಂದು ಕೇಳುಗ ಗ್ರಹಿಸುತ್ತಾನೆ. ಸಮಾನತೆ, ಅಧೀನತೆ ಎಂಬ ಬೆಕರನ ಎರಡು ಮನೆಗಳಲ್ಲಿ ಯಾವುದರಲ್ಲೂ ಈ ರಚನೆ ನೆಮ್ಮದಿಯಾಗಿ ಕೂರದು. ಆಜ್ಞೆಯಲ್ಲೂ ಹೀಗೆಯೇ: ‘ಕೈ ತೊಳೆದು ಬಾ’ ಎಂಬಲ್ಲಿ ಕೊನೆಯ ಕ್ರಿಯೆಯ ವಿಧ್ಯರ್ಥ ಮೊದಲಿನದನ್ನೂ ಆವರಿಸುತ್ತದೆ. ಊಟಕ್ಕೆ ಕುಳಿತ ಮಗುವನ್ನು ತಾಯಿ ‘ಕೈ ತೊಳೆದು ಬಂದೆಯಾ?’ ಎಂದು ಕೇಳುತ್ತಾಳೆ. ಪ್ರಶ್ನಾರ್ಥಕ ಹತ್ತಿರುವುದು ಬರುವಿಕೆಗೆ. ಆಕೆ ಕೇಳುತ್ತಿರುವುದು ತೊಳೆದದ್ದರ ಬಗ್ಗೆ. ಮೂರು ವರ್ಷದ ಮಗು ಇದಕ್ಕೆ ಸರಿಯಾಗಿ ಉತ್ತರಿಸುತ್ತದೆ; ಕೆಲವೊಮ್ಮೆ ಎದ್ದು ಹೋಗಿ ತೊಳೆದುಕೊಂಡೇ ಬರುತ್ತದೆ.