ವಿದ್ಯಾಲಯಕ್ಕೆ ರಾಜಮುದ್ರೆ: ರಾಯಚೂರು ಸೀಮೆಯ ಅನುಭವ

ಪ್ರತಿ ವರ್ಷ ಮುಂಗಾರು ಕಾಲಿಡುವ ವೇಳೆಗೆ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದ ನೂರಾರು ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ರಾಯಚೂರು ನಗರಕ್ಕೆ ಬರುತ್ತಾರೆ. ಕಾಲೇಜಿನ ಕಟ್ಟಡವನ್ನು ನೋಡುತ್ತಾರೆ. ಶುಲ್ಕವೆಷ್ಟು, ವಸತಿಯುಂಟೇ ಎಂದು ವಿಚಾರಿಸುತ್ತಾರೆ. ಆದರೆ ಈ ವಿದ್ಯಾಲಯವು ಯಾರ ಅನುಮತಿಯಿಂದ ನಡೆಯುತ್ತಿದೆ, ಇದು ಕೊಡುವ ಪ್ರಮಾಣಪತ್ರಕ್ಕೆ ಯಾರ ಮುದ್ರೆಯಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕಟ್ಟಡವು ಕಣ್ಣಿಗೆ ಕಾಣುವ ವಸ್ತು. ಮಾನ್ಯತೆಯು ಕಾಣದ ವಸ್ತು. ಆದರೆ ನಾಲ್ಕು ವರ್ಷಗಳ ತರುವಾಯ ಉದ್ಯೋಗದ ಬಾಗಿಲಲ್ಲಿ ನಿಲ್ಲುವ ಮಗುವಿನ ಕೈಹಿಡಿಯುವುದು ಆ ಕಾಣದ ವಸ್ತುವೇ. ಈ ಅನುಮತಿಯೆಂಬುದು ನಮ್ಮ ಸೀಮೆಯಲ್ಲಿ ಹೇಗೆ ಹುಟ್ಟಿತು, ಯಾವ ಯಾವ ರೂಪಗಳನ್ನು ತಾಳಿತು ಎಂಬುದನ್ನು ಅರಿತರೆ ಇಂದಿನ ವಿವೇಚನೆಗೆ ದಾರಿಯಾದೀತು.

ಪ್ರಾಚೀನ ಕಾಲದಲ್ಲಿ ವಿದ್ಯಾಕೇಂದ್ರಕ್ಕೂ ಅರಸನಿಗೂ ಇದ್ದ ಸಂಬಂಧವು ದಾನದ ಸಂಬಂಧವಾಗಿತ್ತು. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನವನ್ನು ಕುರಿತ 1058ರ ಚಾಲುಕ್ಯ ಶಾಸನವು ವೇದಾಧ್ಯಯನ ಮಾಡುತ್ತಿದ್ದ 200 ವಿದ್ಯಾರ್ಥಿಗಳನ್ನೂ ಅಲ್ಲಿಯ ಗ್ರಂಥಭಂಡಾರವನ್ನು ಕಾಯುತ್ತಿದ್ದ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ಶಾಸ್ತ್ರಪಾಠವನ್ನೂ ಅನ್ನದಾನವನ್ನೂ ರೋಗಿಗಳ ಉಪಚಾರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಬೀದರಿನಲ್ಲಿ ಮಹಮೂದ್ ಗವಾನನು 1472ರ ಸುಮಾರಿಗೆ ಕಟ್ಟಿಸಿದ ಮದರಸವೂ ಇಂತಹುದೇ ಔದಾರ್ಯದ ಫಲ. ಈ ಕೇಂದ್ರಗಳಿಗೆ ರಾಜನು ಭೂಮಿಯನ್ನು ಕೊಟ್ಟನು, ತೆರಿಗೆಯನ್ನು ಬಿಟ್ಟನು. ಅಲ್ಲಿ ಕಲಿತವನ ಯೋಗ್ಯತೆಗೆ ಸಾಕ್ಷಿಯಾಗಿದ್ದುದು ಗುರುವಿನ ಹೆಸರು ಮತ್ತು ವಿದ್ವತ್ಸಭೆ, ಸರ್ಕಾರದ ಕಾಗದವಲ್ಲ.

ಆಧುನಿಕ ಕಾಲದಲ್ಲಿ ಈ ಸ್ಥಿತಿ ಬದಲಾಯಿತು. ವಿದ್ಯೆಯು ನೌಕರಿಗೆ ಮೆಟ್ಟಿಲಾದೊಡನೆ, ನೌಕರಿ ಕೊಡುವ ಸರ್ಕಾರವು ವಿದ್ಯೆಯನ್ನು ಅಳೆಯುವ ಅಳತೆಗೋಲನ್ನೂ ತನ್ನ ಕೈಗೆ ತೆಗೆದುಕೊಂಡಿತು. 1854ರಲ್ಲಿ ಚಾರ್ಲ್ಸ್ ವುಡ್‌ನ ಶಿಕ್ಷಣ ಆದೇಶವು ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ, ಅದಕ್ಕೆ ಪ್ರತಿಯಾಗಿ ತಪಾಸಣೆಗೆ ಒಳಪಡಿಸುವ ಪದ್ಧತಿಗೆ ತಳಹದಿ ಹಾಕಿತು. 1857ರಲ್ಲಿ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಅವು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಕಾಲೇಜುಗಳನ್ನು ತಮಗೆ ಸಂಯೋಜಿಸಿಕೊಂಡು, ಪರೀಕ್ಷೆ ನಡೆಸಿ, ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಕಾಲೇಜು ಒಬ್ಬರದು, ಪದವಿ ಮತ್ತೊಬ್ಬರದು ಎಂಬ ಇಂದಿನ ವ್ಯವಸ್ಥೆಯ ಮೂಲ ಇಲ್ಲಿದೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬು 1853ರ ಒಪ್ಪಂದದಂತೆ ಆಂಗ್ಲರ ವಶಕ್ಕೆ ಹೋಗಿ, 1860ರಲ್ಲಿ ಮರಳಿ ನಿಜಾಮರ ಕೈಸೇರಿತು. ಅಲ್ಲಿಂದ ಮುಂದೆ ನಮ್ಮ ಸೀಮೆಯು ಮೂರು ಆಡಳಿತಗಳ ಕೂಡುದಾಣವಾಯಿತು. ವಾಯವ್ಯಕ್ಕೆ ವಿಜಾಪುರವು ಮುಂಬಯಿ ಪ್ರಾಂತ, ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿಯು ಮದ್ರಾಸ್ ಪ್ರಾಂತ, ನಡುವೆ ನಿಜಾಮ್ ರಾಜ್ಯ. ಹೊಳೆ ದಾಟಿದರೆ ವಿದ್ಯೆಯ ಕಾನೂನೇ ಬೇರೆಯಾಗುತ್ತಿತ್ತು.

ಆ ಭೇದದ ಪರಿಣಾಮವನ್ನು ನಮ್ಮ ಸಮಾಜದ ಸಂಸ್ಥೆಗಳ ಇತಿಹಾಸದಲ್ಲಿಯೇ ಕಾಣಬಹುದು. ವಿಜಾಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರ ಶ್ರಮದಿಂದ ಬಿ.ಎಲ್.ಡಿ.ಇ. ಸಂಸ್ಥೆಯು ರೂಪುಗೊಂಡಿತು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದು ಜನರಿಂದ ಕರೆಸಿಕೊಂಡ ಏಳು ಜನ ತ್ಯಾಗಿಗಳು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, 1933ರಲ್ಲಿ ಅವರ ಲಿಂಗರಾಜ ಕಾಲೇಜು ಆರಂಭವಾಯಿತು. ಬಳ್ಳಾರಿಯಲ್ಲಿ 1916ರಲ್ಲಿಯೇ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿ, 1945ರಲ್ಲಿ ಕಾಲೇಜನ್ನು ತೆರೆಯಿತು. ಆ ಪ್ರಾಂತಗಳಲ್ಲಿ ನಿಯಮಗಳಿದ್ದವು, ತಪಾಸಣೆಯಿತ್ತು; ಆದರೆ ಅವನ್ನು ಪಾಲಿಸಿದವರಿಗೆ ಬಾಗಿಲು ತೆರೆದಿತ್ತು.

ನಿಜಾಮ್ ರಾಜ್ಯದಲ್ಲಿ ಹಾಗಿರಲಿಲ್ಲ. 1918ರಲ್ಲಿ ರಾಜ ಫರ್ಮಾನಿನಂತೆ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟ ಹಿರಿಮೆ ಅದಕ್ಕೆ ಸಲ್ಲಬೇಕು. ಆದರೆ ಆ ಭಾಷೆ ಉರ್ದುವಾಗಿತ್ತು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯೆಯ ಜನರ ಮಕ್ಕಳಿಗೆ ಅದು ಮನೆಯ ನುಡಿಯಾಗಿರಲಿಲ್ಲ. ಇದರ ಜೊತೆಗೆ 1920ರ ದಶಕದಲ್ಲಿ ಖಾಸಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಪಡೆಯಲೇಬೇಕೆಂಬ ನಿಯಮವು ಬಂದಿತು. ಹಳ್ಳಿಯ ಅಯ್ಯನವರು ಗುಡಿಯ ಜಗುಲಿಯ ಮೇಲೆ ಓಲೆ ಹಲಗೆ ಹಿಡಿದು ಕಲಿಸುತ್ತಿದ್ದ ಪಾಠವೂ ಈಗ ಇಲಾಖೆಯ ಮಂಜೂರಾತಿಯನ್ನು ಕಾಯಬೇಕಾಯಿತು. ಜನರ ಸಂಘಟನೆಗಳು ಈ ನಿಯಮವನ್ನು ರದ್ದುಗೊಳಿಸಬೇಕೆಂದು ಒತ್ತಾಯಿಸಿದವು. 1930ರಲ್ಲಿ ಆರಂಭವಾದ ಆಂಧ್ರ ಮಹಾಸಭೆಯ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಪರವಾನಗಿ, ಮಂಜೂರಾತಿ, ಸನ್ನದು ಎಂದು ನಾವಿಂದು ಕನ್ನಡವೆಂದೇ ಬಳಸುವ ಮಾತುಗಳೆಲ್ಲ ಅರಬ್ಬಿ, ಪಾರಸಿ ಮೂಲದಿಂದ ಬಂದವು. ನಮ್ಮ ಭಾಗದ ಹಿರಿಯರಿಗೆ ಅವು ಬರಿಯ ಶಬ್ದಗಳಾಗಿರಲಿಲ್ಲ, ಅನುಭವಗಳಾಗಿದ್ದವು.

ಇಂತಹ ಬಿಗಿಯ ನಡುವೆಯೂ ದೀಪ ಹಚ್ಚಿದವರಿದ್ದರು. ಕಲಬುರಗಿಯಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯವು ತಲೆಯೆತ್ತಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಊರಿನ ಹಿತೈಷಿಗಳೊಡನೆ ಸೇರಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಪರರ ನೋವನ್ನು ತನ್ನದೆಂದು ಬಗೆಯುವವನು ಎಂಬ ಅರ್ಥದ ಆ ಹೆಸರೇ ಶಾಲೆಯ ಧ್ಯೇಯವನ್ನು ಸಾರುತ್ತಿತ್ತು. ಮುಂದೆ ಅವರು ತಮ್ಮ ಪ್ರೇಮಾಯತನ ಆಶ್ರಮವನ್ನು ಕಟ್ಟಿದ್ದು ನಿಜಾಮ್ ರಾಜ್ಯದ ಗಡಿಯಾಚೆ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ತುಂಗಭದ್ರೆಯ ಬಲದಂಡೆಯ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆಯಿತು. ಅದೇ ವರ್ಷ ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರಿಂದ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವು ಉದಯಿಸಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಾಜಧಾನಿ ಹೈದರಾಬಾದಿನಲ್ಲಿ 1887ರಲ್ಲಿ ಸ್ಥಾಪನೆಯಾದ ನಿಜಾಮ್ ಕಾಲೇಜು ದೀರ್ಘಕಾಲ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿತ್ತು. ಸಾಮಾನ್ಯನ ಶಾಲೆಗೆ ಅನುಮತಿ ಕೊಡುವ ಅಧಿಕಾರವಿದ್ದ ಪ್ರಭುವಿನ ಹೆಸರಿನ ಕಾಲೇಜಿಗೂ ಪದವಿಯ ಮುದ್ರೆ ಹೊರಗಿನಿಂದ ಬರಬೇಕಾಗಿತ್ತು. ಶಾಲೆಯನ್ನು ತಡೆಯುವ ಅಧಿಕಾರ ಒಂದು; ಅದರ ವಿದ್ಯೆಗೆ ಬೆಲೆ ತರುವ ಮಾನ್ಯತೆ ಮತ್ತೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಇತಿಹಾಸವೂ ತಿಳಿಯದು, ವರ್ತಮಾನವೂ ತಿಳಿಯದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ನಮ್ಮ ಕಾಲೇಜುಗಳಿಗೆ ಉಸ್ಮಾನಿಯಾ ಹೋಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಮಾತೃಸಂಸ್ಥೆಯಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಆ ಸ್ಥಾನಕ್ಕೆ ಬಂದಿತು. 2021ರಲ್ಲಿ ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯವು ದೊರೆಯಿತು. ಅದು ಬಳಿಕ ಆದಿಕವಿ ಮಹರ್ಷಿ ವಾಲ್ಮೀಕಿಯವರ ಹೆಸರನ್ನು ತಾಳಿತು. ಒಂದೇ ಮನೆಯ ಮೂರು ತಲೆಮಾರಿನವರು ಒಂದೇ ಊರಿನಲ್ಲಿ ಓದಿ ಮೂರು ಮುದ್ರೆಗಳ ಪದವಿ ಪಡೆದಿರುವುದು ನಮ್ಮಲ್ಲಿ ಸಾಧ್ಯ. ಆದರೂ ಆ ಮೂರೂ ಪದವಿಗಳು ದೇಶದಲ್ಲೆಲ್ಲ ಸಲ್ಲುತ್ತವೆ. ಏಕೆಂದರೆ 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮವು, ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಪರಿಗಣಿತ ವಿಶ್ವವಿದ್ಯಾಲಯ ಅಥವಾ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ ಇವುಗಳಿಗಲ್ಲದೆ ಬೇರಾರಿಗೂ ಪದವಿ ಕೊಡುವ ಹಕ್ಕಿಲ್ಲವೆಂದು ಸ್ಪಷ್ಟವಾಗಿ ವಿಧಿಸಿದೆ.

1970ರ, 1980ರ ದಶಕಗಳಲ್ಲಿ ಕರ್ನಾಟಕವು ಖಾಸಗಿ ವೃತ್ತಿಶಿಕ್ಷಣದ ತವರಾಯಿತು. ಅದರ ಒಳಿತಿನೊಡನೆ ಕೇಡೂ ಬಂದಿತು. ಸೀಟಿಗೆ ಹಣವೆಣಿಸುವ ರೂಢಿಯನ್ನು ತಡೆಯಲು ರಾಜ್ಯವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆಯನ್ನು ಮಾಡಿತು. ಆದರೆ 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಗಳವರೆಗೆ ಶುಲ್ಕವನ್ನು ನಿಗದಿಪಡಿಸಿತ್ತು. ಇದರಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿತು. ಹತ್ತು ವರ್ಷಗಳ ತರುವಾಯ, 2002ರಲ್ಲಿ, ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು, ವಿದ್ಯಾಸಂಸ್ಥೆಯನ್ನು ಸ್ಥಾಪಿಸುವುದು ನಾಗರಿಕನ ಹಕ್ಕು, ಆದರೆ ಮಾನ್ಯತೆ ಅಥವಾ ಸಂಯೋಜನೆ ಕೊಡುವಾಗ ಗುಣಮಟ್ಟಕ್ಕೆ ಸಂಬಂಧಿಸಿದ ಷರತ್ತುಗಳನ್ನು ವಿಧಿಸಬಹುದು ಎಂದು ನಿರ್ಣಯಿಸಿತು. ನಿಜಾಮರ ಕಾಲದ ಅನುಮತಿಗೂ ಇಂದಿನ ಅನುಮತಿಗೂ ಇರುವ ಅಂತರವು ಈ ತೀರ್ಪಿನಲ್ಲಿದೆ. ಅಂದು ಅನುಮತಿಯು ಪ್ರಭುವಿನ ಕೃಪೆ. ಇಂದು ಅದು ಕಾರಣ ಹೇಳಿ ಕೊಡಬೇಕಾದ, ಕಾರಣ ಹೇಳಿ ನಿರಾಕರಿಸಬೇಕಾದ ಕರ್ತವ್ಯ.

ಮುದ್ರೆ ಸುಲಭವಾದರೆ ಏನಾಗುತ್ತದೆಂಬುದಕ್ಕೆ ಛತ್ತೀಸಗಢದ ನಿದರ್ಶನವಿದೆ. 2002ರ ಕಾಯಿದೆಯೊಂದರ ಬಲದಿಂದ ಆ ಸಣ್ಣ ರಾಜ್ಯದಲ್ಲಿ ನೂರಕ್ಕೂ ಮಿಕ್ಕಿದ ಖಾಸಗಿ ವಿಶ್ವವಿದ್ಯಾಲಯಗಳು ಕಾಗದದ ಮೇಲೆ ಹುಟ್ಟಿದವು. ಪ್ರಸಿದ್ಧ ವಿಜ್ಞಾನಿ ಪ್ರೊಫೆಸರ್ ಯಶಪಾಲರು ನ್ಯಾಯಾಲಯದ ಮೆಟ್ಟಿಲೇರಿದರು; 2005ರಲ್ಲಿ ಅವುಗಳ ಸ್ಥಾಪನೆಯೇ ರದ್ದಾಯಿತು. ಅಲ್ಲಿ ಓದುತ್ತಿದ್ದ ಮಕ್ಕಳ ಭವಿಷ್ಯಕ್ಕಾಗಿ ನ್ಯಾಯಾಲಯವು ಬೇರೆ ವ್ಯವಸ್ಥೆಯನ್ನು ಸೂಚಿಸಬೇಕಾಯಿತು. ಕರ್ನಾಟಕವೂ ಇದಕ್ಕೆ ಹೊರತಲ್ಲ. ಅನುದಾನ ಆಯೋಗವು ಪ್ರಕಟಿಸುತ್ತ ಬಂದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ಸಂಸ್ಥೆಯ ಹೆಸರೂ ಹಲವು ವರ್ಷ ಕಾಣಿಸಿಕೊಂಡಿತ್ತು.

ಹಾಗಾದರೆ ಪೋಷಕರು ತಿಳಿಯಬೇಕಾದುದೇನು? ಮೊದಲನೆಯದಾಗಿ, ಸಂಘವೊಂದು ನೋಂದಣಿಯಾಗಿದೆ ಎಂದರೆ ಅದು ನಡೆಸುವ ಕಾಲೇಜಿಗೆ ಮಾನ್ಯತೆಯಿದೆ ಎಂದರ್ಥವಲ್ಲ. 1960ರ ಸಂಘಗಳ ನೋಂದಣಿ ಕಾಯಿದೆಯಡಿ ಭಜನಾ ಮಂಡಳಿಯೂ ನೋಂದಾಯಿಸಿಕೊಳ್ಳಬಹುದು. ಗೋಡೆಗೆ ತೂಗುಹಾಕಿದ ಆ ಪ್ರಮಾಣಪತ್ರವನ್ನು ಕಂಡು ಮೋಸಹೋಗಬಾರದು. ಎರಡನೆಯದಾಗಿ, ಪದವಿ ಕಾಲೇಜಿಗೆ ರಾಜ್ಯ ಸರ್ಕಾರದ ಅನುಮತಿಯೂ ವಿಶ್ವವಿದ್ಯಾಲಯದ ಸಂಯೋಜನೆಯೂ ಬೇಕು. ಈ ಸಂಯೋಜನೆಯು ಕಾಲೇಜಿಗೆ ಒಟ್ಟಾಗಿ ದೊರೆಯುವುದಲ್ಲ, ಪ್ರತಿಯೊಂದು ಶಿಕ್ಷಣಕ್ರಮಕ್ಕೂ ಬೇರೆಯಾಗಿ ದೊರೆಯಬೇಕಾದುದು. ಬಿ.ಎ.ಗೆ ಇದ್ದ ಮಾತ್ರಕ್ಕೆ ಬಿ.ಎಸ್ಸಿ.ಗೆ ಇದೆಯೆಂದು ತಿಳಿಯಬಾರದು. ಮೂರನೆಯದಾಗಿ, ವೃತ್ತಿಶಿಕ್ಷಣಕ್ಕೆ ಕೇಂದ್ರದ ಪರಿಷತ್ತುಗಳ ಒಪ್ಪಿಗೆಯೂ ಅಗತ್ಯ. ತಾಂತ್ರಿಕ ಶಿಕ್ಷಣಕ್ಕೆ 1987ರ ಕಾಯಿದೆಯ ಮೂಲಕ ಬಲಪಡೆದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಬಿ.ಇಡಿ.ಗೆ 1993ರ ಕಾಯಿದೆಯ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಔಷಧಶಾಸ್ತ್ರಕ್ಕೆ ಫಾರ್ಮಸಿ ಪರಿಷತ್ತು ಹೀಗೆ ಬೇರೆ ಬೇರೆ. ಶಾಲೆಗಳ, ಮನೆಪಾಠ ಕೇಂದ್ರಗಳ ನೋಂದಣಿಯನ್ನು ಕರ್ನಾಟಕ ಶಿಕ್ಷಣ ಅಧಿನಿಯಮ 1983 ವಿಧಿಸಿದ್ದು, ಅದು 1995ರಲ್ಲಿ ಜಾರಿಗೆ ಬಂದಿತು.

ಹಿಂದಿನ ತಲೆಮಾರಿಗೆ ಈ ತತ್ತ್ವ ಅಪರಿಚಿತವಲ್ಲ. ತಾಲ್ಲೂಕು ಊರುಗಳಲ್ಲಿ ಬೆರಳಚ್ಚು ಶಾಲೆಗಳಿದ್ದ ದಿನಗಳಲ್ಲಿ, ಗುಮಾಸ್ತನ ಹುದ್ದೆಗೆ ಬೇಕಾದುದು ಶಾಲೆಯವರು ಬರೆದುಕೊಟ್ಟ ಚೀಟಿಯಲ್ಲ, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾದ ಜೂನಿಯರ್ ಅಥವಾ ಸೀನಿಯರ್ ಪ್ರಮಾಣಪತ್ರ ಎಂಬುದನ್ನು ಎಲ್ಲರೂ ಬಲ್ಲವರಾಗಿದ್ದರು. ಇಂದಿನ ಗಣಕ ತರಬೇತಿ, ಶುಶ್ರೂಷೆ, ಐ.ಟಿ.ಐ. ಕಲಿಕೆಗೂ ಅದೇ ವಿವೇಕ ಸಲ್ಲುತ್ತದೆ: ಪಾಠ ಹೇಳುವವರು ಯಾರು ಎಂಬುದರ ಜೊತೆಗೆ ಪರೀಕ್ಷೆ ನಡೆಸುವವರು ಯಾರು ಎಂದೂ ಕೇಳಬೇಕು.

ಇದು ನಮ್ಮ ಸೀಮೆಗೆ ಉಳಿದೆಲ್ಲೆಡೆಗಿಂತ ಹೆಚ್ಚು ಮಹತ್ತ್ವದ ಮಾತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ದೇವದುರ್ಗ, ಮಾನ್ವಿಗಳೆರಡೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇಕಡ 59.56 ಮಾತ್ರ. ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಅಂಗೀಕಾರವಾದ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿಯು ನಮಗೆ ದೊರೆಯಿತು. ಅದರಂತೆ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8ರ ಮೀಸಲು ಸೀಟುಗಳು ನಮ್ಮ ಮಕ್ಕಳಿಗಿವೆ. ಆದರೆ ಈ ಸೌಲಭ್ಯವಾಗಲಿ, ವಿದ್ಯಾರ್ಥಿವೇತನವಾಗಲಿ ಮಾನ್ಯತೆಯಿಲ್ಲದ ಸಂಸ್ಥೆಯ ಹೊಸ್ತಿಲನ್ನು ದಾಟಲಾರದು. ಹೊಲ ಒತ್ತೆಯಿಟ್ಟು ಶುಲ್ಕ ಕಟ್ಟಿದ ಕುಟುಂಬವು ಅಂತಹ ಸಂಸ್ಥೆಯಲ್ಲಿ ಹಣವನ್ನಷ್ಟೇ ಅಲ್ಲ, ಮಗುವಿನ ಮರಳಿ ಬಾರದ ವರ್ಷಗಳನ್ನೂ ಕಳೆದುಕೊಳ್ಳುತ್ತದೆ.

ಇನ್ನೊಂದು ಮುಖವನ್ನೂ ಮರೆಯಲಾಗದು. ಇಷ್ಟು ಎಕರೆ ನಿವೇಶನ, ಇಷ್ಟು ಕೊಠಡಿ, ಇಷ್ಟು ಠೇವಣಿ ಎಂಬ ಷರತ್ತುಗಳನ್ನು ಪೂರೈಸುವುದು ನಗರದ ಶ್ರೀಮಂತ ಸಂಸ್ಥೆಗೆ ಸುಲಭ, ಹಿಂದುಳಿದ ತಾಲ್ಲೂಕಿನ ಸಣ್ಣ ಸಂಘಕ್ಕೆ ಕಠಿಣ. ನಿಯಮಗಳು ಮಗುವನ್ನು ಕಾಪಾಡಬೇಕಲ್ಲದೆ ಮಗುವಿನ ಊರಿನಿಂದ ವಿದ್ಯೆಯನ್ನೇ ದೂರವಿಡಬಾರದು. ಊರಲ್ಲಿ ಕಾಲೇಜಿಲ್ಲದ ಬಡ ಮಕ್ಕಳಿಗೆ ಮಠಗಳ ಪ್ರಸಾದನಿಲಯಗಳು ನೆರಳಾದುದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಉಂಡು ಬಲ್ಲರು. ಅನ್ನ, ಆಶ್ರಯಗಳನ್ನು ಪಡೆದು ಬೆಳೆದ ಆ ಹಳೆಯ ವಿದ್ಯಾರ್ಥಿಗಳು ಇಂದು ಮಾಡಬಹುದಾದ ದಾಸೋಹವೊಂದಿದೆ. ತಮ್ಮೂರಿನ ತಂದೆತಾಯಿಗಳು ಮಕ್ಕಳನ್ನು ಸೇರಿಸುವ ಮುನ್ನ ಅವರ ಜೊತೆಗೆ ಹೋಗಿ, ಸರ್ಕಾರದ ಅನುಮತಿ ಪತ್ರ, ವಿಶ್ವವಿದ್ಯಾಲಯದ ಆ ವರ್ಷದ ಸಂಯೋಜನಾ ಆದೇಶ, ಸಂಬಂಧಪಟ್ಟ ಪರಿಷತ್ತಿನ ಒಪ್ಪಿಗೆ ಈ ಮೂರನ್ನೂ ಕೇಳಿ ಓದಿನೋಡಬೇಕು. ಕೇಳುವುದು ಅವಿಶ್ವಾಸವಲ್ಲ, ಒಳ್ಳೆಯ ಸಂಸ್ಥೆಯು ಅದನ್ನು ಸಂತೋಷದಿಂದ ತೋರಿಸುತ್ತದೆ. ಒಂದು ಕಾಲದಲ್ಲಿ ನಮ್ಮ ಹಿರಿಯರು ಶಾಲೆ ತೆರೆಯಲು ಅನುಮತಿಗಾಗಿ ಕಾದು ನಿಂತಿದ್ದರು. ಇಂದು ಆ ಅನುಮತಿ ಪತ್ರವನ್ನು ತೋರಿಸಿರೆಂದು ಕೇಳುವ ಅಧಿಕಾರ ನಮ್ಮ ಹಳ್ಳಿಯ ರೈತನಿಗೂ ಇದೆ. ಅದನ್ನು ಅವನು ಬಳಸುವಂತಾಗಲಿ.